ತಮ್ಮನ ಎಡೆಗೆ ಏನಿಡಬೇಕಿತ್ತು

ಹಾಲುತುಪ್ಪದ ದಿನ ಚಿಕ್ಕಪ್ಪ ಬೇಕರಿಯ ರಟ್ಟಿನ ಡಬ್ಬಿ ಹಿಡಿದುಕೊಂಡು ಸ್ಮಶಾನಕ್ಕೆ ಬಂದರು. ನನ್ನ ತಮ್ಮನನ್ನು ಮಣ್ಣು ಮಾಡಿ ಅಂದಿಗೆ ಮೂರನೇ ದಿನ. ನಮ್ಮಲ್ಲಿ ಆ ದಿನ ಮಣ್ಣಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಏನು ಇಷ್ಟವಿತ್ತೋ ಅದನ್ನು ಬಾಳೆಲೆಯ ಮೇಲೆ ಎಡೆ ಇಡುತ್ತಾರೆ. ಆಮೇಲೆ ದೂರ ನಿಂತು, ಕಾಗೆ ಬಂದು ಮುಟ್ಟುವುದನ್ನು ಕಾಯುತ್ತಾರೆ. ಚಿಕ್ಕಪ್ಪ ಡಬ್ಬಿ ಬಿಚ್ಚಿ ಪಫ್, ಕ್ರೀಮ್ ಬನ್, ದಿಲ್‌ಪಸಂದ್ ಒಂದೊಂದಾಗಿ ಎಲೆಗೆ ಜೋಡಿಸಿದರು. ಹಿಂದೆ ನಿಂತಿದ್ದ ನೆಂಟರಲ್ಲಿ ಯಾರೋ, ಪಾಪ, ಬಾಯಿ ಕಟ್ಟಿದ್ದರೆ ಉಳಿಯುತ್ತಿದ್ದ ಅಂದರು. ಹದಿನೇಳು ವರ್ಷದ ಹುಡುಗನ ಬಗ್ಗೆ.

"ಅದನ್ನ ಇಡಬೇಡಿ ಚಿಕ್ಕಪ್ಪ," ಅಂದೆ.

"ಅವನಿಗಿಷ್ಟ ಕಣಮ್ಮ. ನಂಗೊತ್ತಿಲ್ವಾ?"

ಅಮ್ಮ ಪಕ್ಕದಲ್ಲೇ ಕೂತಿದ್ದಳು. ಯಾಕೆ ಇಡಬಾರದು ಅನ್ನುವುದನ್ನು ಅಮ್ಮ ಇರುವವರೆಗೆ ಯಾರಿಗೂ ಹೇಳಲಿಲ್ಲ.

ನಮ್ಮದು ಬೆಂಗಳೂರಿನ ಸಿ.ವಿ. ರಾಮನ್ ನಗರದ ಮಗ್ಗುಲಿನ ಹಳೇ ಊರು. ತಾತನ ಕಾಲಕ್ಕೆ ರಾಗಿ, ಹುರುಳಿ ಬೆಳೆಯುತ್ತಿದ್ದರಂತೆ. ನಮಗೆ ತಿಳಿವಳಿಕೆ ಬರುವ ಹೊತ್ತಿಗೆ ಅಪ್ಪ ಕಾರ್ಖಾನೆಗೆ ಹೋಗುತ್ತಿದ್ದರು, ಹೊಲ ಬೀಳು ಬಿದ್ದಿತ್ತು. ತಮ್ಮ ನನಗಿಂತ ಬಹಳ ಚಿಕ್ಕವನು, ಹರಕೆ ಹೊತ್ತ ಮೇಲೆ ಹುಟ್ಟಿದವನು. ವರ್ಷ ತುಂಬಿದಾಗ ಬೆಲ್ಲದಲ್ಲಿ ತುಲಾಭಾರ ಮಾಡಿಸಿದರು. ತಂದ ಬೆಲ್ಲ ಸಾಲದೆ ಚಿಕ್ಕಪ್ಪ ಮತ್ತೆ ಅಂಗಡಿಗೆ ಓಡಿದರು. ಆ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾರೋ. ಅಂದಿನಿಂದ ಅವನ ತೂಕ ಮನೆಗೆಲ್ಲ ಹೆಮ್ಮೆಯ ವಿಷಯವಾಯಿತು. ಒಂದು ವಾರ ಜ್ವರ ಬಂದು ಕೆನ್ನೆ ಇಳಿದರೆ ದೃಷ್ಟಿ ತೆಗೆಯುತ್ತಿದ್ದರು.

ಅವನು ದಪ್ಪಗಿದ್ದ, ನಿಜ. ಆದರೆ ಆಡುತ್ತಿದ್ದ. ಊರ ಹಿಂದೆ ನಮ್ಮದೇ ಹಳೇ ಕಣವಿತ್ತು, ಒಕ್ಕಣೆ ನಿಂತು ಎಷ್ಟೋ ಕಾಲವಾಗಿತ್ತು, ನೆಲ ಮಾತ್ರ ಸಿಮೆಂಟಿನ ಹಾಗೆ ಗಟ್ಟಿ. ಅಲ್ಲಿ ಸಂಜೆ ಕಬಡ್ಡಿ. ತಮ್ಮ ಒಂದು ಸಲ ಕಾಲು ಹಿಡಿದನೆಂದರೆ ಬಿಡಿಸಿಕೊಂಡು ಹೋಗುವವರಿರಲಿಲ್ಲ. ಕಾರ್ಖಾನೆ ಕಾಲೋನಿಯ ತಮಿಳು ಹುಡುಗರು ಅವನನ್ನು ತಮ್ಮ ಕಡೆಗೆ ಹಾಕಿಕೊಳ್ಳಲು ಜಗಳವಾಡುತ್ತಿದ್ದರು. ಆಟ ಮುಗಿದ ಮೇಲೆ ರಸ್ತೆ ತುದಿಯ ತಳ್ಳುಗಾಡಿಯಲ್ಲಿ ಸೌತೆಕಾಯಿ ಸೀಳಿಸಿ, ಉಪ್ಪು ಖಾರ ಸವರಿಸಿಕೊಂಡು ತಿನ್ನುತ್ತಾ ಬರುತ್ತಿದ್ದ. ಮೈಯೆಲ್ಲ ಕೆಮ್ಮಣ್ಣು. ನಾನು ಕಂಡಂತೆ ಅವನಿಗೆ ಇಷ್ಟವಾಗಿದ್ದದ್ದು ಅದು.

ಕಣವನ್ನು ಸೈಟು ಮಾಡಿ ಮಾರಿದವರು ಚಿಕ್ಕಪ್ಪನೇ. ಅವರ ಪಾಲಿಗೆ ಬಂದಿತ್ತು, ಮಾರಿದರು. ಸುತ್ತ ಎಲ್ಲರೂ ಮಾರುತ್ತಿದ್ದರು. ಟೇಪು ಹಿಡಿದು ಅಳೆಯುವಾಗ ಇನ್ನೊಂದು ತುದಿ ಹಿಡಿದುಕೊಳ್ಳಲು ತಮ್ಮನನ್ನೇ ಕರೆದರು. ಅವನು ಹಿಡಿದುಕೊಂಡು ನಿಂತ. ಆಮೇಲೆ ಅವನ ಮೇಲಿನ ಪ್ರೀತಿಗೆ ಪ್ರತಿ ಶನಿವಾರ ಬೇಕರಿಯ ಡಬ್ಬಿ ತಂದುಕೊಟ್ಟರು.

ಕಣ ಹೋದ ಮೇಲೆ ಹುಡುಗರು ರಸ್ತೆಯಲ್ಲಿ ಆಡಿದರು. ರಸ್ತೆ ಅಗಲವಾಯಿತು, ಲಾರಿಗಳು ಬಂದವು, ಸ್ಕೂಲಿಗೆ ನಡೆದು ಹೋಗುತ್ತಿದ್ದವನನ್ನು ವ್ಯಾನಿಗೆ ಹಾಕಿದರು. ಸ್ಕೂಲಿನ ಆಟದ ಬಯಲಿನಲ್ಲಿ ಹೊಸ ಕಟ್ಟಡ ಎದ್ದಿತು. ಪಿ.ಟಿ. ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರು ತೆಗೆದುಕೊಂಡರು. ಇಂದಿರಾನಗರದಲ್ಲಿ ಪಾರ್ಕುಗಳಿದ್ದವು, ಹುಲ್ಲು ತುಳಿಯಬಾರದು, ಚೆಂಡು ತರಬಾರದು ಎಂದು ಬೋರ್ಡು. ಊರು ಮಕ್ಕಳ ಕಾಲ ಕೆಳಗಿನ ನೆಲವನ್ನೆಲ್ಲ ಎಳೆದುಕೊಂಡು, ಮೂಲೆಮೂಲೆಗೊಂದು ಬೇಕರಿ ಕೊಟ್ಟು, ಮನೆಗೊಂದು ಟೀವಿ ಕೇಬಲ್ ಎಳೆದು, ಕೊನೆಗೆ ಮಕ್ಕಳನ್ನೇ ಬೈಯಿತು. ಕೆನ್ನೆ ಹಿಂಡಿ ಗುಂಡು ಮಗು ಎಂದವರೇ ಹೈಸ್ಕೂಲಿಗೆ ಬಂದಾಗ ಡುಮ್ಮ ಎಂದರು. ಮದುವೆಮನೆಯಲ್ಲಿ ಎರಡನೇ ಹೋಳಿಗೆ ಒತ್ತಾಯದಿಂದ ಬಡಿಸಿ, ಅವನು ತಿಂದ ಮೇಲೆ ಪಕ್ಕದವರಿಗೆ ಕಣ್ಣು ಹೊಡೆದು ನಗುತ್ತಿದ್ದರು. ಅವನು ನೋಡುತ್ತಿದ್ದ. ಅವನಿಗೆ ಎಲ್ಲ ಕಾಣಿಸುತ್ತಿತ್ತು.

ನಾನು ಪಿಯುಸಿ ಮುಗಿಸಿ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಮಕ್ಕಳ ವಿಭಾಗಕ್ಕೆ ಸೇರಿದ್ದೆ. ಆಗಲೇ ಗೊತ್ತಾಯಿತು, ಇದು ನಮ್ಮ ಮನೆಯ ಕಥೆಯಷ್ಟೇ ಅಲ್ಲ ಅಂತ. ಎಂಟು ವರ್ಷದ ಮಗುವಿಗೆ ಹನ್ನೆರಡರ ಸೈಜ್ ಕೇಳುತ್ತಿದ್ದರು. ತಾಯಂದಿರು ಕೌಂಟರಿನ ಮೇಲೆ ಬಾಗಿ, ದನಿ ತಗ್ಗಿಸಿ, ನಮ್ಮ ಮಗು ಸ್ವಲ್ಪ ಹೆಲ್ದಿ, ದೊಡ್ಡದು ತೋರಿಸಿ ಅನ್ನುತ್ತಿದ್ದರು. ದಪ್ಪ ಅನ್ನುವುದಕ್ಕೆ ನಮ್ಮ ಕಡೆ ಆರೋಗ್ಯದ ಹೆಸರನ್ನೇ ಇಟ್ಟಿದ್ದಾರೆ. ವರ್ಷದಿಂದ ವರ್ಷಕ್ಕೆ ಆ ಪಿಸುಮಾತು ಹೆಚ್ಚಿತು. ಮಾಲೀಕರು ಸೊಂಟಕ್ಕೆ ಎಲಾಸ್ಟಿಕ್ ಇರುವ ಪ್ಯಾಂಟುಗಳನ್ನು ಜಾಸ್ತಿ ತರಿಸಿದರು. ಅವು ಚೆನ್ನಾಗಿ ಹೋಗುತ್ತವೆ ಅಂತ ಖುಷಿಪಟ್ಟರು.

ತಮ್ಮ ಎರಡನೇ ಪಿಯುಸಿ ಪರೀಕ್ಷೆಗೆ ಓದುತ್ತಿದ್ದ ಬೇಸಿಗೆ. ಅವನು ಇಳಿಯತೊಡಗಿದ. ಮೊದಲು ಮುಖ, ಆಮೇಲೆ ಹೊಟ್ಟೆ. ಮನೆಯಲ್ಲಿ ಹಬ್ಬದಂತಾಯಿತು. ಓದಿನ ಶ್ರಮಕ್ಕೆ ಕೊಬ್ಬು ಕರಗಿತು ಎಂದರು ಅಪ್ಪ. ಡುಮ್ಮ ಎನ್ನುತ್ತಿದ್ದ ನೆಂಟರು ಹೀರೋ ಎಂದರು. ಪ್ಯಾಂಟು ಜಾರುತ್ತಿದೆ ಎಂದು ಶಿವಾಜಿನಗರದಲ್ಲಿ ನಮಗೆ ಗುರುತಿದ್ದ ಟೈಲರ್ ಹತ್ತಿರ ಕರೆದುಕೊಂಡು ಹೋದೆ. ಆತ ಟೇಪು ಸುತ್ತಿ, "ಏನ್ ಬೇಟಾ, ಅರ್ಧ ಆಗ್ಬಿಟ್ಟಿದ್ದೀಯಲ್ಲ, ಯಾರಾದ್ರೂ ಹುಡುಗಿ ಕಾಣಿಸಿದ್ಲಾ?" ಎಂದು ನಕ್ಕ. ತಮ್ಮನೂ ನಕ್ಕ. ಅವನು ಕನ್ನಡಿಯಲ್ಲಿ ತನ್ನನ್ನು ಪೂರ್ತಿ ನೋಡಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು. ಹಿಂದಿರುಗುವಾಗ ರಸೆಲ್ ಮಾರ್ಕೆಟ್ಟಿನ ಮುಂದೆ ನಿಂತು, ಪರೀಕ್ಷೆ ಮುಗಿದ ಮೇಲೆ ಹಲಸೂರಿನ ಕಡೆ ಒಂದು ಕಬಡ್ಡಿ ತಂಡ ಇದೆಯಂತೆ, ಸೇರಲಾ ಅಕ್ಕ ಎಂದು ಕೇಳಿದ. ಸೇರು ಎಂದೆ. ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಎರಡು ಸಲ ನೀರು ಕುಡಿದ.

ನೀರು ಕುಡಿದು ಕುಡಿದು ಅವನಿಗೆ ಸಾಲುತ್ತಿರಲಿಲ್ಲ. ಸುಸ್ತು ಎನ್ನುತ್ತಿದ್ದ. ಪುಸ್ತಕದ ಮೇಲೆಯೇ ನಿದ್ದೆ ಹೋಗುತ್ತಿದ್ದ. ಅಮ್ಮ, ಬಿಸಿಲು, ಪರೀಕ್ಷೆ, ಮಗು ಬಳಲಿದೆ ಎಂದುಕೊಂಡು, ಎಲ್ಲ ತಾಯಂದಿರೂ ಮಾಡುವುದನ್ನೇ ಮಾಡಿದಳು. ಗ್ಲೂಕೋಸ್ ಪುಡಿ ತಂದು, ನಿಂಬೆಹಣ್ಣು ಹಿಂಡಿ, ಲೋಟಗಟ್ಟಲೆ ಕಲಸಿ ಕೊಟ್ಟಳು. ಕುಡಿದಷ್ಟೂ ಅವನು ಇನ್ನೂ ಕೇಳುತ್ತಿದ್ದ. ಕೇಳಿದಷ್ಟೂ ಅಮ್ಮ ಕೊಡುತ್ತಿದ್ದಳು.

ಡಾಕ್ಟರ ಹತ್ತಿರ ಹೋಗಲಿಲ್ಲವೇ ಎಂದು ಕೇಳಬಹುದು. ಹೋಗಿದ್ದೆವು, ಬಡಾವಣೆಯ ಕ್ಲಿನಿಕ್ಕಿಗೆ. ಡಾಕ್ಟರು ತಮ್ಮನ ಹೊಟ್ಟೆ ತಟ್ಟಿದರು. "ಬೇಸಿಗೇಲಿ ಬಾಯಾರಿಕೆ ಎಲ್ಲರಿಗೂ ಆಗತ್ತೆ. ಇಳೀತಿದ್ದಾನಲ್ಲಮ್ಮ, ಒಳ್ಳೇದೇ ಆಯ್ತು ಬಿಡಿ. ಹೀಗೇ ಮುಂದುವರಿಸು ಮರಿ." ಒಂದು ತೊಟ್ಟು ರಕ್ತ ತೆಗೆಯಲಿಲ್ಲ. ಅದೇ ಸಣಕಲು ಹುಡುಗನೊಬ್ಬ ಹಾಗೆ ಇಳಿದಿದ್ದರೆ ಗಾಬರಿಯಾಗುತ್ತಿದ್ದರು, ಎಲ್ಲ ಪರೀಕ್ಷೆಯನ್ನೂ ಬರೆಯುತ್ತಿದ್ದರು. ದಪ್ಪ ಹುಡುಗ ಕರಗುತ್ತಿದ್ದರೆ ಅದು ಕಾಯಿಲೆಯಂತೆ ಯಾರಿಗೂ ಕಾಣುವುದಿಲ್ಲ. ಕಣ್ಣ ಮುಂದೆ ಸಾಯುತ್ತಿದ್ದವನ ಬೆನ್ನು ತಟ್ಟಿದೆವು.

ಕೊನೆಯ ಪರೀಕ್ಷೆಗೆ ಅವನು ಹೋಗಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಮಾತು ತೊದಲಿತು, ಮತ್ತೆ ಕಣ್ಣು ಮುಚ್ಚಿದ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಮಾರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟ. ವಾರ್ಡಿನಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಕಾರಿಡಾರಿಗೆ ಕರೆದು, ಎಷ್ಟು ದಿನದಿಂದ ಹೀಗೆ ನೀರು ಕುಡಿಯುತ್ತಿದ್ದ, ಬೇರೆ ಏನು ಕೊಟ್ಟಿರಿ ಎಂದು ಕೇಳಿದರು. ಗ್ಲೂಕೋಸ್ ಎಂದೆ. ಆಕೆ ದನಿ ತಗ್ಗಿಸಿದರು.

"ಸಕ್ಕರೆ ಕಾಯಿಲೆ. ದಪ್ಪ ಇರೋ ಮಕ್ಕಳಿಗೆ ಈಗೀಗ ಬರ್ತಾ ಇದೆ. ಮೊದಲೇ ಒಂದು ಸಲ ರಕ್ತ ನೋಡಿದ್ರೆ ಉಳಿಸಬಹುದಿತ್ತು. ಆ ಗ್ಲೂಕೋಸ್ ಕುಡಿದಷ್ಟೂ ರಕ್ತದಲ್ಲಿ ಸಕ್ಕರೆ ಏರಿದೆ. ನಿಮ್ಮ ತಾಯಿಗೆ ಇದನ್ನ ಹೇಳಬೇಕಾ ಬೇಡವಾ, ನೀವೇ ನೋಡಿ."

ನಾನು ನೋಡಿದೆ. ಅಮ್ಮ ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ನಿಂಬೆ ನೀರಿನ ಬಾಟಲಿ. ಮಗ ಎದ್ದರೆ ಕೇಳುತ್ತಾನೆ ಎಂದು ಮನೆಯಿಂದಲೇ ತಂದಿದ್ದಳು.

ಹೇಳಲಿಲ್ಲ. ಅವನು ತಿಂದು ಸತ್ತ ಎಂದು ಯಾರಾದರೂ ಅಂದಾಗಲೆಲ್ಲ ಉತ್ತರ ನನ್ನ ಬಾಯಲ್ಲೇ ಇತ್ತು. ಹೇಳಿದರೆ ತಮ್ಮನ ಮೇಲಿನ ಅಪವಾದ ಅಮ್ಮನ ಮೇಲೆ ಬೀಳುತ್ತಿತ್ತು. ಕ್ಲಿನಿಕ್ಕಿನ ಡಾಕ್ಟರ ಮೇಲೆ ಬೀಳುತ್ತಿರಲಿಲ್ಲ, ಕಣ ಮಾರಿದವರ ಮೇಲೆ ಬೀಳುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸ್ಮಶಾನದಲ್ಲಿ ಸುಮ್ಮನೆ ನಿಂತೆ. ಕಾಗೆ ಬಂತು, ಬೆಂಗಳೂರಿನ ಯಾವ ಕಾಗೆಯಾದರೂ ಮಾಡುವಂತೆ ಮೊದಲು ಪಫ್ಫಿಗೇ ಬಾಯಿ ಹಾಕಿತು. ನೋಡಿ, ಅವನೇ ಬಂದ, ಅವನಿಗೆ ತೃಪ್ತಿಯಾಯಿತು ಎಂದು ಎಲ್ಲರೂ ಕಣ್ಣೊರೆಸಿಕೊಂಡರು.

ಅಲ್ಲಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟೆವು. ಚಿಕ್ಕಪ್ಪನ ಡಬ್ಬಿ ತಪ್ಪದೆ ಬರುತ್ತಿತ್ತು. ಅಮ್ಮ ಅದರ ಪಕ್ಕದಲ್ಲಿ ಒಂದು ಲೋಟ ಗ್ಲೂಕೋಸ್ ನೀರು ಇಡುತ್ತಿದ್ದಳು, ಕೊನೆಗೆ ಅದನ್ನೇ ಕೇಳುತ್ತಿದ್ದ ಎಂದು. ನಿಂಬೆಹಣ್ಣು ಹಿಂಡಿಕೊಡುತ್ತಿದ್ದವಳು ನಾನು. ಅಮ್ಮನ ಕೈಯಲ್ಲಿ ಆಗ ಅಷ್ಟು ಶಕ್ತಿ ಇರಲಿಲ್ಲ.

ಅಮ್ಮ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಈ ಸಲದ ಅಮಾವಾಸ್ಯೆಗೆ ಎಡೆ ನಾನೇ ಇಟ್ಟೆ. ಅಮ್ಮನಿಗೆ ಮುದ್ದೆ, ಅವರೆಕಾಳು ಸಾರು. ಚಿಕ್ಕಪ್ಪ ಕೋಲೂರಿಕೊಂಡು ಡಬ್ಬಿಯೊಂದಿಗೆ ಬಂದರು. ಕೂರಿಸಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ.

"ಅವತ್ತೇ ಯಾಕಮ್ಮ ಹೇಳ್ಲಿಲ್ಲ?"

"ಅಮ್ಮ ಇದ್ಲಲ್ಲ ಚಿಕ್ಕಪ್ಪ."

ಅವರು ತಲೆಯಾಡಿಸಿ ಎದ್ದರು. ಡಬ್ಬಿಯನ್ನು ಎಡೆಗೆ ಇಡಿ ಅನ್ನಲಿಲ್ಲ, ಆದರೆ ಬಿಟ್ಟೂ ಹೋಗಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಗೇಟು ದಾಟಿದರು. ಅವರ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ.

ನಾನು ತಮ್ಮನ ಎಲೆಯ ಮೇಲೆ ಸೌತೆಕಾಯಿ ಸೀಳಿ ಉಪ್ಪು ಖಾರ ಸವರಿಟ್ಟೆ. ಲೋಟಕ್ಕೆ ನೀರು ಹಾಕಿದೆ. ಏನೂ ಬೆರೆಸದ, ಬರೀ ನೀರು.