ಮೀನಿನ ಕಣ್ಣು

ಆ ಬಾರಿನ ಮುಂಗೋಡೆಗೆ ಮನಸೋಲದವಳು ಇಡೀ ಬೀದಿಗೆ ಒಬ್ಬಳೇ ಇದ್ದಳು. ಎದುರುಗಡೆ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಎಲ್ಲರ ಬಾಯಲ್ಲೂ ಅವಳು ಇಸ್ತ್ರಿಯಮ್ಮ. ಗೋಡೆಯೇನೋ ಚಂದವೇ, ಸುಳ್ಳು ಯಾಕೆ ಹೇಳಲಿ? ಎರಡಾಳೆತ್ತರಕ್ಕೆ ಬರೀ ಬಾಟ್ಲಿಗಳು. ಒಂದೊಂದನ್ನೂ ಅಡ್ಡ ಮಲಗಿಸಿ, ತಳ ಮಾತ್ರ ಬೀದಿಗೆ ಕಾಣುವ ಹಾಗೆ ಸಿಮೆಂಟಿನಲ್ಲಿ ಹೂತದ್ದು. ಹಸಿರು ತಳಗಳ ನಡುವೆ ಬಿಳಿ ತಳಗಳಲ್ಲಿ ಮೂಡಿದ ಒಂದು ದೊಡ್ಡ ಮೀನು, ಅದರ ತಲೆಯಲ್ಲಿ ಒಂದೇ ಒಂದು ಕಂದು ಕಣ್ಣು. ಸಂಜೆ ನಾಲ್ಕರ ಬಿಸಿಲು ಬಿದ್ದರೆ ಆ ಕಣ್ಣು ಕೆಂಪಗೆ ಹೊಳೆಯುತ್ತಿತ್ತು. ಕುಡಿಯದವರೂ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಳಗೆ ಹೋದವರ ಮಾತಂತೂ ಕೇಳಲೇಬೇಡಿ. ಸವೆದು ನುಣುಪಾದ ಬೆಂಚುಗಳು, ಕಲ್ಲಿನ ಮೇಜು, ಬಾಯಿಬಿಟ್ಟು ಕೇಳುವ ಮೊದಲೇ ಅವರವರದನ್ನು ಮುಂದಿಡುವ ಮುದುಕ ಸಪ್ಲೈಯರ್. ಇಂಥ ಬಾರು ಇನ್ನೆಲ್ಲೂ ಇಲ್ಲ ಅಂತ ಹಾಡಿ ಹೊಗಳುತ್ತ ಮನೆಗೆ ಹೋಗುತ್ತಿದ್ದರು.

ಇಸ್ತ್ರಿಯಮ್ಮನಿಗೆ ಮಾತ್ರ ಆ ಗೋಡೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಕಟ್ಟಿದವನು ಅವಳ ಗಂಡ, ಗಾರೆ ಮೇಸ್ತ್ರಿ.

ಮೇಸ್ತ್ರಿಯ ಕೈ ಚಿನ್ನದ್ದು, ನಾಲಿಗೆ ಕೊಚ್ಚೆಯದು. ಬಾರಿನ ಹಳೇ ಸಾಹುಕಾರನ ಕಾಲದಲ್ಲಿ ಆ ಗೋಡೆಗೆ ಮೂರು ವರ್ಷ ತೆಗೆದುಕೊಂಡ. ಗೋಡೆಗೆ ಹೋಗುವ ಬಾಟ್ಲಿ ತಾನು ಕುಡಿದು ಖಾಲಿ ಮಾಡಿದ್ದೇ ಆಗಿರಬೇಕು ಅಂತ ಮಹಾರಾಯನ ಶಪಥ. ಕುಡಿದ, ತೊಳೆದ, ಒಣಗಿಸಿದ, ಬಾಯಿಗೆ ಮೇಣ ಹುಯ್ದ, ಕೂರಿಸಿದ. ಮೇಣ ಹಾಕದಿದ್ದರೆ ಒಳಗೆ ತೇವ ಸೇರಿ ಬಣ್ಣ ಸಾಯುತ್ತೆ ಅನ್ನುತ್ತಿದ್ದ. ಒಮ್ಮೆ ಕೂರಿಸಿದ ಬಾಟ್ಲಿಯನ್ನು ಮತ್ತೆ ಕೀಳಲು ಯಾರಿಗೂ ಬಿಡುತ್ತಿರಲಿಲ್ಲ. ಗೋಡೆ ಮುಗಿಯುವ ಹೊತ್ತಿಗೆ ಮೇಸ್ತ್ರಿಯೂ ಮುಕ್ಕಾಲು ಮುಗಿದಿದ್ದ.

ಕುಡಿತವನ್ನು ಹೇಗೋ ಹೊಟ್ಟೆಗೆ ಹಾಕಿಕೊಂಡಳು. ಆ ಕಂದು ಕಣ್ಣನ್ನು ಸಹಿಸೋದು ಮಾತ್ರ ಅವಳ ಕೈಲಿ ಆಗಲಿಲ್ಲ.

ಮಗಳಿಗೆ ಆಗ ನಾಲ್ಕು ವರ್ಷ. ಎಡಗಿವಿಯಲ್ಲಿ ಕೀವು, ಮೈ ಕೆಂಡ. ವಾರಕ್ಕೊಂದು ದಿನ ಬರುವ ಡಾಕ್ಟರು ಕಂದು ಬಾಟ್ಲಿಯಲ್ಲಿ ಹತ್ತು ದಿನದ ಔಷಧಿ ಕೊಟ್ಟು, ಒಂದು ಹೊತ್ತೂ ತಪ್ಪಿಸಬೇಡಮ್ಮ ಅಂದಿದ್ದರು. ಎರಡು ದಿನ ಚಮಚದಲ್ಲಿ ಅಳೆದು ಕುಡಿಸಿದಳು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಕಿಟಕಿಯ ಮೇಲೆ ಬಾಟ್ಲಿಯೇ ಇಲ್ಲ! ಮನೆಯೆಲ್ಲ ತಡಕಾಡಿದಳು, ಅವರಿವರ ಮನೆ ಬಾಗಿಲು ತಟ್ಟಿದಳು. ಡಾಕ್ಟರು ಮತ್ತೆ ಬರುವಷ್ಟರಲ್ಲಿ ಆ ಕಿವಿಯ ಕಥೆ ಮುಗಿದುಹೋಗಿತ್ತು.

ಅದೇ ವಾರ ಗೋಡೆಯ ಮೀನಿಗೆ ಕಣ್ಣು ಬಂತು. ಇವಳು ಓಡಿಹೋಗಿ ಕೇಳಿದಳು. ಮೇಸ್ತ್ರಿ ಕ್ಯಾರೇ ಅನ್ನಲಿಲ್ಲ. ಹೌದು, ಅದೇ ಬಾಟ್ಲಿ, ಖಾಲಿಯಾಗಿ ಕಸದಲ್ಲಿ ಬಿದ್ದಿತ್ತು, ಎತ್ತಿಕೊಂಡು ಬಂದೆ ಅಂದ. ಅಷ್ಟಕ್ಕೇ ಬಿಟ್ಟನೇ? ಹತ್ತು ದಿನದ್ದನ್ನು ಎರಡೇ ದಿನಕ್ಕೆ ಸುರಿದು ಮಗುವಿನ ಕಿವಿ ಕೆಡಿಸಿದಳು ಅಂತ ಬಾರಿನಲ್ಲಿ ಕೂತು ಗುಲ್ಲೆಬ್ಬಿಸಿದ. ಅತ್ತೆ ನಂಬಿದಳು, ಬೀದಿ ನಂಬಿತು. ದೊಡ್ಡವಳಾಗುತ್ತ ಮಗಳೂ ನಂಬಿದಳು. ಇಸ್ತ್ರಿಯಮ್ಮನನ್ನು ಬದುಕಿದ್ದಂತೆಯೇ ಸಾಯಿಸಿದ್ದು ಅದು. ಮಗಳಿಗೀಗ ನಲವತ್ತರ ಹತ್ತಿರ, ಅದೇ ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅಮ್ಮ ಬಾಯಿ ತೆರೆದರೆ ಸಾಕು, ಕೇಳದ ಎಡಗಿವಿಯನ್ನು ಅವಳ ಕಡೆ ತಿರುಗಿಸಿ ಮಿಷನ್ ತುಳಿಯುತ್ತಾಳೆ.

ಮೇಸ್ತ್ರಿ ಸತ್ತ, ಹಳೇ ಸಾಹುಕಾರನೂ ಸತ್ತ. ಬಾರು ಅವನ ಮಗನ ಕೈಗೆ ಬಂತು. ಈ ಹೊಸ ಸಾಹುಕಾರ ಒಂದು ಮಧ್ಯಾಹ್ನ ಕಾಗದ ಹಿಡಿದು, ಹಲ್ಲು ಕಿರಿಯುತ್ತ ಇಸ್ತ್ರಿ ಮೇಜಿನ ಮುಂದೆ ನಿಂತ. ಪುರಸಭೆ ಆಫೀಸಿನವರು ಕಾಪಾಡಬೇಕಾದ ಹಳೇ ಕಟ್ಟಡಗಳ ಪಟ್ಟಿ ಮಾಡುತ್ತಿದ್ದಾರಂತೆ. ಬಾರಿನ ಗೋಡೆ ಪಟ್ಟಿಗೆ ಸೇರಿದರೆ ಆಮೇಲೆ ಅದರ ಒಂದು ಬಾಟ್ಲಿಯನ್ನೂ ಯಾರೂ ಮುಟ್ಟುವ ಹಾಗಿಲ್ಲವಂತೆ. ಕಟ್ಟಿದವನ ಮನೆಯವರ ಸಹಿ ಬೇಕಂತೆ. ಮೇಸ್ತ್ರಿಯ ಫೋಟೋಗೆ ಚೌಕಟ್ಟು ಹಾಕಿ ಒಳಗೆ ತೂಗುಹಾಕ್ತೀನಿ ಅಂತ ಬೆಣ್ಣೆ ಬೇರೆ ಹಚ್ಚಿದ.

ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಸಹಿ ಹಾಕ್ತೀನಿ. ಮೊದಲು ಆ ಕಣ್ಣು ಕೀಳಿಸು, ನನ್ನೆದುರಿಗೆ."

ಸಾಹುಕಾರನ ಮುಖ ಸುಟ್ಟ ಬದನೆಕಾಯಿ ಆಯಿತು. ಕಣ್ಣಿಲ್ಲದ ಮೀನನ್ನು ನೋಡೋಕೆ ಯಾರು ಬರ್ತಾರೆ ಅಂದ. ಬರದಿದ್ದರೆ ನನ್ನದೇನು ಗಂಟು ಹೋಗುತ್ತೆ ಅಂದಳು ಇವಳು.

ಅವತ್ತಿನಿಂದ ಬೀದಿಗೆ ಬೀದಿಯೇ ಅವಳ ಮೇಲೆ ತಿರುಗಿಬಿತ್ತು. ಬಸ್ ಡ್ರೈವರ್ ತನ್ನ ಯೂನಿಫಾರಂ ಬೇರೆ ಕಡೆ ಕೊಟ್ಟ. ಕಟಿಂಗ್ ಅಂಗಡಿಯವನು ಅವಳಿಗೆ ಕೇಳಲಿ ಅಂತಲೇ, ಮುದುಕಿಗೆ ತಲೆ ಕೆಟ್ಟಿದೆ ಅಂತ ಗಿರಾಕಿಗಳ ಹತ್ತಿರ ಆಡಿಕೊಂಡ. ಒಬ್ಬನಿಗಾದರೂ ಯಾಕಮ್ಮ ಅಂತ ಕೇಳಬೇಕು ಅನ್ನಿಸಿತೇ? ಊಹೂಂ. ಮನೆಯಲ್ಲಿ ಮಗಳು ಮಿಷನ್ ನಿಲ್ಲಿಸದೆಯೇ, ಅಪ್ಪನ ಹೆಸರು ಉಳಿಯೋದು ನಿನಗೆ ಸಹಿಸೋಕಾಗಲ್ಲ ಅಂದಳು.

ಯಾರಿಗೂ ಹೇಳದ ಒಂದು ದಿಗಿಲು ಇಸ್ತ್ರಿಯಮ್ಮನಿಗಿತ್ತು. ಮೂವತ್ತೈದು ವರ್ಷ ಎಲ್ಲರೂ ಸೇರಿ ಹೇಳಿ ಹೇಳಿ, ಚಮಚದಲ್ಲಿ ಅಳೆದದ್ದು ನಿಜವೇ ಅಂತ ಅವಳಿಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಬಾಟ್ಲಿ ಖಾಲಿ ಇದ್ದರೆ? ಖಾಲಿ ಇದ್ದರೆ ಮಗಳ ಕಿವಿ ತಿಂದವಳು ತಾನೇ ಆಗುತ್ತಿದ್ದಳು. ಆದರೂ ಹಟ ಬಿಡಲಿಲ್ಲ.

ಕಾಗದ ಕೊಡುವ ಕಡೇ ದಿನ ಬಂತು. ಸಾಹುಕಾರ ಹಲ್ಲು ಕಡಿದುಕೊಂಡು ಒಪ್ಪಿದ. ಜಾಣ, ಅದೇ ಅಳತೆಯ ಇನ್ನೊಂದು ಕಂದು ಬಾಟ್ಲಿಯನ್ನು ಬಗಲಲ್ಲಿ ಇಟ್ಟುಕೊಂಡೇ ಬಂದಿದ್ದ. ಸಂಜೆ ನಾಲ್ಕಕ್ಕೆ ಬೀದಿಯೆಲ್ಲ ಅಲ್ಲಿ ಸೇರಿತು, ಮುದುಕಿಯ ಮುಖಕ್ಕೆ ಮಂಗಳಾರತಿ ಆಗೋದನ್ನ ನೋಡೋಣ ಅಂತ. ಮಗಳೂ ಬಂದು, ಅಮ್ಮನ ಕಡೆ ಎಡಗಿವಿ ತಿರುಗಿಸಿ ನಿಂತಳು.

ಬೇರೆ ಊರಿನ ಗಾರೆಯವನೊಬ್ಬ ಏಣಿ ಹತ್ತಿ, ಸುತ್ತಲಿನ ಸಿಮೆಂಟನ್ನು ಉಳಿಯಿಂದ ಕೆತ್ತಿದ. ಅರ್ಧ ಗಂಟೆ ಹಿಡಿಯಿತು. ಬಾಟ್ಲಿ ಮೆಲ್ಲಗೆ ಹೊರಗೆ ಬಂತು. ಬಾಯಿಗೆ ಹಾಕಿದ ಮೇಣ ಒಂದಿಷ್ಟೂ ಕದಲಿರಲಿಲ್ಲ. ಅವನು ಅದನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದ. ಒಳಗೆ ಪಾಕದಂಥದ್ದು ಏನೋ ನಿಧಾನವಾಗಿ ಸರಿಯಿತು. ಮುಕ್ಕಾಲಿಗೂ ಮಿಗಿಲಾಗಿ ತುಂಬಿತ್ತು.

ಮುದುಕ ಸಪ್ಲೈಯರ್ ತಲೆ ತಗ್ಗಿಸಿಕೊಂಡು ಬಾಯಿಬಿಟ್ಟ. "ಖಾಲಿ ಬಾಟ್ಲಿಗೆ ಆ ಕೆಂಪು ಬರಲ್ಲ ಅಂತಿದ್ದ ಮೇಸ್ತ್ರಿ. ಒಳಗೆ ರಮ್ ಇರಬೇಕು ಅಂದ್ಕೊಂಡಿದ್ವಿ ನಾವು."

ಇಷ್ಟು ವರ್ಷ ಬೀದಿ ಬಾಯಿ ಚಪ್ಪರಿಸಿ ನೋಡಿದ ಕೆಂಪು ಅದು, ಒಂದು ಮಗುವಿನ ಎಂಟು ದಿನದ ಔಷಧಿ. ಥೂ!

ಸಾಹುಕಾರ ಬಗಲಿನ ಬಾಟ್ಲಿಯನ್ನು ಸದ್ದಿಲ್ಲದೆ ಏಣಿಯ ಕಡೆ ಚಾಚಿದ. ಇಸ್ತ್ರಿಯಮ್ಮ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಆ ತೂತು ಹಾಗೇ ಇರಬೇಕು, ಇದ್ದರೆ ಮಾತ್ರ ಸಹಿ ಅಂದಳು. ಅವನು ಗೊಣಗಿಕೊಂಡು ಅದನ್ನೂ ಕಾಗದದಲ್ಲಿ ಬರೆದ. ಅವಳು ಓದಿಸಿ ಕೇಳಿ, ಸಹಿ ಹಾಕಿ, ಪೆನ್ನನ್ನು ನೆಲಕ್ಕೆ ಬಿಟ್ಟಳು.

ಮಗಳು ಗಾರೆಯವನ ಕೈಯಿಂದ ಬಾಟ್ಲಿ ಇಸಕೊಂಡು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಅಮ್ಮನನ್ನು ಬಳಸಿ ಇನ್ನೊಂದು ಪಕ್ಕಕ್ಕೆ ಬಂದು, ಬಲಗಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು.

"ಹೇಳಮ್ಮ."

"ಮೂವತ್ತೈದು ವರ್ಷ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ," ಅಂದಳು ಇಸ್ತ್ರಿಯಮ್ಮ. ಧ್ವನಿ ಒಂದು ಚೂರೂ ಮೆತ್ತಗಿರಲಿಲ್ಲ. "ಇವತ್ತು ನೀನು ಹೇಳು. ಇವರಿಗೆಲ್ಲ ಕೇಳೋ ಹಾಗೆ ಹೇಳು."

ಮಗಳು ಜನರ ಕಡೆ ತಿರುಗಿದಳು.

"ಅಮ್ಮ ನನಗೆ ಔಷಧಿ ಸರಿಯಾಗೇ ಕೊಟ್ಟಿದ್ದಳು," ಅಂದಳು.

"ಜೋರಾಗಿ," ಅಂದಳು ಇಸ್ತ್ರಿಯಮ್ಮ. ಮಗಳು ಇನ್ನೊಂದು ಸಲ ಹೇಳಿದಳು.