ಬೀಗರ ಬೈಕು, ನನ್ನ ವಾಕಿಂಗು

ಗೆಳೆಯರೇ, ಬ್ಯಾಡಗಿಯಲ್ಲಿ ವಾಕಿಂಗ್ ಮಾಡಲು ಕಾಲು ಗಟ್ಟಿ ಇದ್ದರೆ ಸಾಲದು, ಮಂದಿ ಪ್ರೀತಿಯನ್ನೂ ತಡೆದುಕೊಳ್ಳಬೇಕು.

ಸಕ್ಕರೆ ಏರಿದೆ, ದಿನಾ ನಡೆಯಿರಿ ಎಂದಿದ್ದಾರೆ ಡಾಕ್ಟರು. ಇವತ್ತು ಮುಂಜಾನೆ ಕಾಗಿನೆಲೆ ರಸ್ತೆಯಲ್ಲಿ ಹೊರಟಿದ್ದೆ. ಹೊಸ ಬೀಗರು ಪಕ್ಕದಲ್ಲೇ ಬೈಕು ನಿಲ್ಲಿಸಿದರು. ಮಗಳ ನಿಶ್ಚಯವಾಗಿ ಇನ್ನೂ ವಾರ ಕಳೆದಿಲ್ಲ.

"ಹತ್ರಿ ಬೀಗ್ರ."

"ಬ್ಯಾಡ್ರಿ, ನಡಿಯಾಕಂತನ ಬಂದೇನಿ."

"ಯಾಕ್ರಿ, ಗಾಡಿ ಮಾರಿದ್ರೇನು? ಮೆಣಸಿನಕಾಯಿ ವ್ಯಾಪಾರ ಬರೋಬ್ಬರಿ ಐತಿಲ್ಲೋ?"

"ಎಲ್ಲಾ ಐತ್ರಿ. ಡಾಕ್ಟರು ಹೇಳ್ಯಾರ."

ಬೀಗರ ಮುಖ ಸಣ್ಣದಾಯಿತು. "ನನ್ನ ಹಿಂದ ಕುಂದ್ರಾಕ ಮನಸ್ಸಿಲ್ಲ ಅನ್ರಿ ಹಂಗಾರ."

ಹತ್ತಿದರೆ ಸಕ್ಕರೆ ಏರುತ್ತದೆ, ಹತ್ತದಿದ್ದರೆ ಸಂಬಂಧ ಇಳಿಯುತ್ತದೆ. ವ್ಯಾಪಾರಿಯ ಬಾಯಿ ಕೆಲಸಕ್ಕೆ ಬಂತು.

"ಮದುವಿ ಮಾತು ಭಾಳ ಅದಾವ್ರಿ. ಬೈಕಿನ ಮ್ಯಾಲೆ ಗಾಳಿಗೆ ಏನೂ ಕೇಳಂಗಿಲ್ಲ. ನೀವೂ ಇಳೀರಿ, ಕೂಡೇ ಹೋಗೂಣು."

ಇಳಿದರು. ರಸ್ತೆಯ ಏರು ಮುಗಿಯುವವರೆಗೆ ಬೈಕು ತಳ್ಳುತ್ತಾ ಬಂದರು. ಅಡುಗೆಯವರು ಯಾರು, ಊಟಕ್ಕೆ ಏನು ಎನ್ನುವಷ್ಟರಲ್ಲಿ ಸಿಟ್ಟೆಲ್ಲಾ ಬೆವರಾಗಿ ಹೋಗಿತ್ತು. "ಖರೇ ಹೇಳತೇನ್ರಿ, ಮೈ ಹಗುರಾತು. ನಾಳೆ ಗಾಡಿ ಮನ್ಯಾಗ ಬಿಟ್ಟು ಬರತೇನಿ" ಎಂದರು.

ಮನೆಗೆ ಬಂದವನೇ ಟೇಲರ್‌ಗೆ ಫೋನ್ ಮಾಡಿದೆ: ಇಬ್ಬರೂ ಬೀಗರ ಮದುವೆ ಕೋಟಿನ ಬಟ್ಟೆಗೆ ಈಗಲೇ ಕತ್ತರಿ ಹಾಕಬೇಡಪ್ಪಾ, ಅಳತೆ ಇಳಿಯುವ ಲಕ್ಷಣ ಇದೆ.