ಚಿತ್ರದಲ್ಲಿಲ್ಲದ ಹಿಂಭಾಗ

ಟಕ್ ಟಕ್ ಟಕ್, ಟಣ್. ಸ್ವಲ್ಪ ಮೌನ. ಮತ್ತೆ ಟಕ್ ಟಕ್ ಟಕ್, ಟಣ್. ಮರದ ಕೊಡತಿ ತಗಡಿನ ಮೇಲೆ ಬೀಳುವ ಸದ್ದು. ಮದುವೆಯಾಗಿ ರಾಯಚೂರಿಗೆ ಬಂದ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅದೇ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಚಾಪೆಲ್ ಗಂಟೆಗೆ ಏಳುತ್ತಿದ್ದವಳಿಗೆ ಅದು, ಟು ಬಿ ಫ್ರಾಂಕ್, ಶುದ್ಧ ಟಾರ್ಚರ್. ನಮ್ಮ ಹಿತ್ತಲ ಗೋಡೆಗೆ ಆತುಕೊಂಡೇ ಉಸ್ತಾದರ ಗ್ಯಾರೇಜು. ಆದರೆ ಆರು ತಿಂಗಳಲ್ಲಿ ನಾನೆಷ್ಟು ಒಗ್ಗಿಹೋದೆನೆಂದರೆ, ಶುಕ್ರವಾರ ಅವರು ನಮಾಜಿಗೆ ಹೋದಾಗ ಆ ಸದ್ದಿಲ್ಲದೆ ಮಧ್ಯಾಹ್ನವೇ ಆಗಿಲ್ಲವೇನೋ ಅನ್ನಿಸುತ್ತಿತ್ತು.

ಉಸ್ತಾದರು ಟಿಂಕರಿಂಗ್ ಮಾಡುವವರು. ಗುದ್ದಿಕೊಂಡು ಬಂದ ಕಾರು, ಜೀಪು, ಲಾರಿಗಳ ಮೈಯನ್ನು ಬಡಿದು ಮೊದಲಿನಂತೆ ಮಾಡುವುದು ಅವರ ಕಸುಬು. ಕೈಗಿಂತ ದೊಡ್ಡದು ಅವರ ಕಿವಿ. ತಗಡಿಗೆ ಒಂದು ಏಟು ಕೊಟ್ಟು, ತಲೆ ಓರೆ ಮಾಡಿ ಕೇಳಿ, ಎಲ್ಲಿ ತೆಳ್ಳಗಾಗಿದೆ, ಎಲ್ಲಿ ಒಳಗೆ ತುಕ್ಕು ಹಿಡಿದಿದೆ ಎಂದು ಹೇಳುತ್ತಿದ್ದರು. "ತಗಡು ತಾನ ಮಾತಾಡ್ತದ ಅಕ್ಕಾರ, ನಾವು ಬಾಯಿ ಮುಚ್ಚಿದ್ರ ಸಾಕು" ಎನ್ನುತ್ತಿದ್ದರು ನನಗೆ.

ಅವರ ಗ್ಯಾರೇಜಿನಲ್ಲಿ ಒಂದು ರಿವಾಜಿತ್ತು. ಗಾಡಿ ಸಿದ್ಧವಾದ ಮೇಲೆ ಟ್ರಯಲ್‌ಗೆ ಹೋಗುವಾಗ ಉಸ್ತಾದರು ಚಾಲಕನ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಅವರು ಬಾಯಿ ತೆರೆಯುವವರೆಗೆ ಬೇರೆ ಯಾರೂ ಮಾತಾಡಬಾರದು. ಗಾಡಿಯ ಮಾಲೀಕನೇ ಆಗಿರಲಿ, ತಹಶೀಲ್ದಾರನೇ ಆಗಿರಲಿ. ಎಲ್ಲ ಕೇಳಿಸಿಕೊಂಡು ಅವರು "ಹಿಂದಿನ ಎಡಗಾಲಿ ಬೇರಿಂಗು" ಎಂದರೆ ಅದು ಹಿಂದಿನ ಎಡಗಾಲಿಯ ಬೇರಿಂಗೇ.

ನಮ್ಮ ಮನೆಯವರು ವಕೀಲರು, ಆದರೆ ಕಾರುಗಳ ಹುಚ್ಚು ಕೋರ್ಟಿನ ಹುಚ್ಚಿಗಿಂತ ಹೆಚ್ಚು. ಅವರ ಗೆಳೆಯ, ಮಾನ್ವಿಯಲ್ಲಿ ರೈಸ್ ಮಿಲ್ ಇಟ್ಟಿದ್ದ ಸಾಹುಕಾರರು, ಅದೇ ಹುಚ್ಚಿನವರು. ಪ್ರತಿ ಭಾನುವಾರ ಇಬ್ಬರೂ ಗ್ಯಾರೇಜಿನ ಹಳೆಯ ಟೈರುಗಳ ಮೇಲೆ ಕೂತು, ತಾವು ಯಾವತ್ತೂ ಕಾಣದ ಕಾರುಗಳ ಬಗ್ಗೆ, ಸ್ವಂತ ಹೊಲದ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದರು. ಆಗ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದದ್ದು ಎರಡು ಮೂರು ಬಗೆಯ ಕಾರು. ಇಪ್ಪತ್ತು ವರ್ಷದಿಂದ ಅವೇ ಮುಖಗಳು. ಚಹಾ ಕೊಡುವ ನೆಪದಲ್ಲಿ ನಾನೂ ಹೋಗಿ ನಿಲ್ಲುತ್ತಿದ್ದೆ. ಇಂಗ್ಲಿಷ್ ಓದಿ ಹೇಳಲು ಅವರಿಗೆ ನಾನು ಬೇಕಾಗುತ್ತಿದ್ದೆ.

ಎಂಬತ್ತರ ಆಚೀಚೆ ಒಂದು ಭಾನುವಾರ. ನಮ್ಮ ಮನೆಯವರು ಹೈದರಾಬಾದಿನ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ವಿಲಾಯತಿ ಮ್ಯಾಗಝೀನು ತಂದು, ನಡುವಿನ ಪುಟವನ್ನು ಜೀಪೊಂದರ ಬಾನೆಟ್ ಮೇಲೆ ಹರಡಿದರು.

ನಾಲ್ಕು ಬಾಗಿಲಿನ ಕಾರು. ನೇರಳೆ ಹಣ್ಣಿನ ಬಣ್ಣ. ನೆಲಕ್ಕೆ ಅಂಟಿಕೊಂಡಂತೆ ತಗ್ಗು. ಮುಂದಿನ ದೀಪದಿಂದ ಹೊರಟ ಒಂದೇ ಗೆರೆ ಎಲ್ಲೂ ಮುರಿಯದೆ ಬಾಗಿಲುಗಳ ಮೇಲೆ ಹಾದು ಹೋಗಿತ್ತು. ನಿಂತಿದ್ದರೂ ಓಡುತ್ತಿದೆ ಅನ್ನಿಸುತ್ತಿತ್ತು. ಕಾನ್ವೆಂಟಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದ ಸಿಸ್ಟರ್ ಇದ್ದಿದ್ದರೆ "ಗುಡ್ನೆಸ್ ಗ್ರೇಶಸ್" ಎನ್ನುತ್ತಿದ್ದರು. ನಾನೇ ಅಂದೆ.

"ಯಪ್ಪಾ! ಇದು ಕಾರೋ, ನೀರಾಗ ಹೊಂಟ ಮೀನೋ?" ಎಂದರು ಸಾಹುಕಾರರು.

"ಮನಿ ಮಂದೆಲ್ಲ ಕೂಡಬಹುದು, ನಾಕು ಬಾಗ್ಲ ಅದಾವ. ಓಟ ಮಾತ್ರ ರೇಸಿನ ಗಾಡಿದು," ಎಂದರು ನಮ್ಮ ಮನೆಯವರು, ದನಿ ತಗ್ಗಿಸಿ, ಗುಡಿಯಲ್ಲಿ ಮಾತಾಡುವ ಹಾಗೆ.

"ನಿಮ್ಮ ಗಾಡಿ ಇದರ ಬಾಜು ನಿಂದ್ರಿಸಿದ್ರ ಹಿಟ್ಟಿನ ಡಬ್ಬಿ ಕಂಡಂಗ ಕಾಣ್ತದ ವಕೀಲ್ರ. ವೈನಿ, ಏನ್ ಬರದಾರ ಓದ್ರಿ."

ನಾನು ಓದಿದೆ. ಅದೊಂದು ಕಾನ್ಸೆಪ್ಟ್. ಪ್ರದರ್ಶನಕ್ಕೆಂದು ಒಂದೇ ಒಂದು ಮಾಡಿದ್ದಾರೆ. "ಮಾರಾಕ ಅಲ್ರಿ. ಇನ್ನೂ ಬರೇ ವಿಚಾರ ಅಂತ. ಮಂದಿ ಏನಂತಾರ ನೋಡಿ ಆಮ್ಯಾಲ ಮಾಡೋದೋ ಬಿಡೋದೋ" ಎಂದು ಬಿಡಿಸಿ ಹೇಳಿದೆ.

"ಅಂದ್ರ ಹೆಣ್ಣು ತೋರ್ಸಿ, ಲಗ್ನ ಮಾಡಿಕೊಡಂಗಿಲ್ಲ ಅಂದಂಗ!" ಸಾಹುಕಾರರಿಗೆ ಸಿಟ್ಟೇ ಬಂತು.

ಉಸ್ತಾದರು ಅರಿವೆಗೆ ಮೂರು ಸಲ ಕೈ ಒರೆಸಿಕೊಂಡು ಹತ್ತಿರ ಬಂದರು. ಕಿರುಬೆರಳಿನಿಂದ ಆ ಗೆರೆಯನ್ನು ಹಿಂಬಾಲಿಸಿದರು. ಹಿಂದಿನ ಬಾಗಿಲಿಗೆ ಬಂದಾಗ ಪುಟ ಮುಗಿಯಿತು. ಮುಂದಿನ ಹಾಳೆಯನ್ನು ಯಾರೋ ಹರಿದುಕೊಂಡಿದ್ದರು.

"ಹಿಂದಗಡಿ ಎಲ್ಲದ?"

"ಇಲ್ಲ ಉಸ್ತಾದ್, ಹರದಾರ."

ಅವರು ಬಹಳ ಹೊತ್ತು ಆ ಹರಿದ ಅಂಚನ್ನೇ ನೋಡಿದರು. "ಇದನ್ನ ನಾ ಮಾಡ್ತೀನಿ" ಎಂದರು. ಇವರಿಬ್ಬರೂ ನಕ್ಕರು. ಉಸ್ತಾದರು ನಗಲಿಲ್ಲ. "ಮೂವತ್ತು ವರ್ಷಾತು ವಕೀಲ್ ಸಾಬ್. ಮಂದಿ ಗುದ್ದಿಕೊಂಡು ಬರ್ತಾರ, ನಾ ಸೀದಾ ಮಾಡ್ತೀನಿ. ಹೊಳ್ಳಿ ಮೊದಲಿನಂಗ, ಅಷ್ಟ. ನಂದು ಅಂತ ಅನ್ನಾಕ ಒಂದು ಗಾಡಿ ಇಲ್ಲ."

ಗಿಲ್ಲೆಸುಗೂರಿನ ಹತ್ತಿರ ಕಾಲುವೆಗೆ ಉರುಳಿದ ನಮ್ಮ ಹಳೆಯ ಕಾರು ಅವರ ಶೆಡ್ಡಿನಲ್ಲೇ ಬಿದ್ದಿತ್ತು. ಇಂಜಿನ್ ಸರಿ, ಮೈ ಪೂರಾ ಅಪ್ಪಚ್ಚಿ. ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ, ನೋಡಿದರೆ ನಾನು ಬೇಡ ಅನ್ನುತ್ತೇನೆಂದು. "ಅದನ್ನ ತಗೊಳ್ರಿ" ಎಂದುಬಿಟ್ಟರು.

ಒಂದು ವರ್ಷ ಹಿಡಿಯಿತು. ಬಿಡುವಾದಾಗಲೆಲ್ಲ ಉಸ್ತಾದರಿಗೆ ಅದೇ ಕೆಲಸ. ಮ್ಯಾಗಝೀನಿನಲ್ಲಿದ್ದ ಅಳತೆಗಳನ್ನು ನಾನು ಇಂಚಿಗೆ ತಿರುಗಿಸಿ ಹೇಳುತ್ತಿದ್ದೆ, ಅವರು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಹಾಕುತ್ತಿದ್ದರು. ಮುಂಭಾಗ ಬಂತು, ಬಾಗಿಲು ಬಂತು, ಛಾವಣಿ ತಗ್ಗಾಯಿತು. ಹಿಂಭಾಗ ಮಾತ್ರ ಬರಲೊಲ್ಲದು. ಮೂರು ಸಲ ಮಾಡಿದರು, ಮೂರು ಸಲವೂ ಕತ್ತರಿಸಿ ಗುಜರಿಗೆ ಎಸೆದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಚಹಾ ಒಯ್ದೆ. ಅವರು ಬೆನ್ನು ಮಾಡಿ ಕೂತಿದ್ದರು. ಕರೆದೆ. ಮತ್ತೆ ಕರೆದೆ. ಕಪ್ಪನ್ನು ಬಸಿಗೆ ಬಡಿದು ಸದ್ದು ಮಾಡಿದೆ. ಊಹೂಂ. ತಗಡಿಗೆ ಏಟು ಕೊಟ್ಟು ತಲೆ ಓರೆ ಮಾಡುತ್ತಿದ್ದರು, ಆಮೇಲೆ ಅಂಗೈಯನ್ನು ಅದರ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ನಾನು ಎದುರಿಗೆ ಹೋದೊಡನೆ ಬೆಚ್ಚಿದರು. ನನಗೆ ಅರ್ಥವಾಗಿದೆ ಎಂಬುದು ಅವರಿಗೂ ಅರ್ಥವಾಯಿತು.

"ಎಷ್ಟು ದಿನಾತು?" ಎಂದೆ.

"ಎದುರಿಗಿ ನಿಂತು ಮಾತಾಡಿದ್ರ ತುಟಿ ನೋಡಿ ತಿಳಿತದ ಅಕ್ಕಾರ. ಸಣ್ಣ ಸಪ್ಪಳ ಮಾತ್ರ ಪೂರಾ ಹೋಗ್ಯದ." ಕೊಡತಿಯನ್ನು ನೆಲಕ್ಕಿಟ್ಟರು. "ಯಾರಿಗೂ ಹೇಳಬ್ಯಾಡ್ರಿ. ವಕೀಲ್ ಸಾಬ್‌ಗೂ ನಕ್ಕೋ, ಬ್ಯಾಡ. ಕಿವಿ ಹೋದ ಉಸ್ತಾದನ ಹತ್ರ ಯಾವ ಮಗ ಗಾಡಿ ಬಿಡ್ತಾನ? ಈ ಒಂದು ಗಾಡಿ ಮುಗಿಲಿ."

ಹೇಳುವುದಿಲ್ಲ ಎಂದೆ. ಕಾನ್ವೆಂಟಿನವಳಲ್ಲವೇ, ಪ್ರಾಮಿಸ್ ಅಂದರೆ ಪ್ರಾಮಿಸ್.

ನಾಲ್ಕನೆಯ ಸಲ ಹಿಂಭಾಗ ಬಂತು. ಹೇಗೆಂದು ಬರೆಯುವುದು ಕಷ್ಟ. ಆ ಗೆರೆ ಬಾಗಿಲುಗಳನ್ನು ದಾಟಿ, ಹಿಂದಿನ ಗಾಲಿಯ ಮೇಲೆ ತುಸು ಉಬ್ಬಿ, ಉಸಿರು ಬಿಟ್ಟಂತೆ ಕೆಳಗೆ ಮುಗಿಯುತ್ತಿತ್ತು. ಆ ವಿಲಾಯತಿ ಕಾರಿನ ಹಿಂಭಾಗ ಹೇಗಿತ್ತೋ ನಾನು ಇವತ್ತಿಗೂ ನೋಡಿಲ್ಲ. ಇದಕ್ಕಿಂತ ಚೆಂದ ಇದ್ದಿರಲಾರದು, ಐ ಆಮ್ ಶೂರ್.

ಚಳಿಗಾಲದ ಒಂದು ಬೆಳಿಗ್ಗೆ ಬಣ್ಣ ಹೊಡೆದ ಕಾರನ್ನು ತಳ್ಳಿ ಬಿಸಿಲಿಗೆ ತಂದರು. ರಸ್ತೆಯಲ್ಲಿ ಹೋಗುತ್ತಿದ್ದ ಟಾಂಗಾ ನಿಂತಿತು. ಹತ್ತಿಯ ಲಾರಿ ನಿಂತಿತು. ಯಾರೂ ಗದ್ದಲ ಮಾಡಲಿಲ್ಲ, ಅದೇ ಆಶ್ಚರ್ಯ. ಲಾರಿಯ ಡ್ರೈವರ್ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ನಮ್ಮ ಮನೆಯವರ ಕಣ್ಣು ತುಂಬಿತ್ತು, ಧೂಳು ಎಂದರು. ಸಾಹುಕಾರರು ಮೂರು ಸುತ್ತು ಹಾಕಿ, ಬಾಗಿಲು ತೆರೆದು, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಕೂತರು.

"ಸಾವ್ಕಾರ್ರ, ಚಪ್ಪಲಿ!" ಎಂದರು ನಮ್ಮ ಮನೆಯವರು.

"ಇರ್ಲಿ ಬಿಡೋ ಮಾರಾಯ. ಇದರಾಗ ಹೆಂಗ ಮೆಟ್ಟಿಕೊಂಡು ಕೂಡೋದು?" ಎಂದವರು, ಕಾಲಿನ ಧೂಳು ಕೈಯಿಂದ ಝಾಡಿಸಿಕೊಂಡರು. "ಆದ್ರ ಒಂದು ಮಾತು ಉಸ್ತಾದ್. ದೇವದುರ್ಗಕ್ಕ ಹೋಗಿ ಬಂದ್ರ ಕಾರು. ಇಲ್ಲಂದ್ರ ಇದೂ ಬರೇ ಚಿತ್ರಾನ."

ಅದೇ ಟ್ರಯಲ್ ಎಂದಾಯಿತು. ನಮ್ಮ ಮನೆಯವರು ಚಾಲಕರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಉಸ್ತಾದರು, ಹಿಂದೆ ಸಾಹುಕಾರರು ಮತ್ತು ನಾನು. ಊರು ದಾಟುವಾಗ ಸೈಕಲ್ಲಿನವರು ಇಳಿದು ನಿಂತು ನೋಡಿದರು. ಉಸ್ತಾದರು ಕಣ್ಣು ಮುಚ್ಚಿದರು. ರಿವಾಜಿನಂತೆ ನಾವು ಬಾಯಿ ಮುಚ್ಚಿದೆವು.

ಅದು ಹುರುಳಿ ಒಕ್ಕುವ ಕಾಲ. ನಮ್ಮ ಕಡೆ ರೈತರು ಕಿತ್ತ ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಮೊಣಕಾಲೆತ್ತರ ಹರಡಿಬಿಡುತ್ತಾರೆ. ಹೋಗಿ ಬರುವ ಬಸ್ಸು ಲಾರಿಗಳೇ ತುಳಿದು ಒಕ್ಕುತ್ತವೆ. ಬಸ್ಸಿನ ಹೊಟ್ಟೆ ಎತ್ತರ, ಅದಕ್ಕೇನೂ ಆಗದು. ನಮ್ಮ ಕಾರು ನೆಲದಿಂದ ಒಂದು ಗೇಣು. ಗಬ್ಬೂರು ಹತ್ತಿರವಾಗುತ್ತಿದ್ದಂತೆ ಮೊದಲ ಹಾಸು ದಾಟಿದೆವು. ಎರಡನೆಯದು. ಮೂರನೆಯದು. ಕಾಲ ಕೆಳಗೆ ಸರಸರ ಎನ್ನತೊಡಗಿತು. ಆಮೇಲೆ ಕರಕರ. ಇಂಜಿನ್ನಿನ ದನಿಯೂ ಭಾರವಾಯಿತು. ಬಳ್ಳಿಗಳು ತಿರುಗುವ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತಿದ್ದವು.

ಸಾಹುಕಾರರು ನನ್ನನ್ನು ನೋಡಿದರು. ನಮ್ಮ ಮನೆಯವರು ಓರೆಗಣ್ಣಿನಿಂದ ಉಸ್ತಾದರನ್ನು ನೋಡಿದರು. ಉಸ್ತಾದರ ಮುಖದಲ್ಲಿ ನಸುನಗೆ. ಉಸ್ತಾದರೇ ಸುಮ್ಮನಿದ್ದಾರೆಂದರೆ ಏನೂ ಇಲ್ಲವೆಂದೇ ಅರ್ಥ, ಕಾರು ಮುಂದೆ ಹೋಯಿತು.

ಅವರಿಬ್ಬರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಾಯಿ ತೆರೆದರೆ, ಯಾಕೆ ಉಸ್ತಾದರಿಗಿಂತ ಮೊದಲು ಮಾತಾಡಿದೆ ಎಂಬ ಪ್ರಶ್ನೆ ಬರುತ್ತದೆ. ದೇವದುರ್ಗ ಮುಟ್ಟಲಿ, ಆಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ಎರಡು ಮೈಲಿ ಹಾಗೇ ಹೋದೆವು. ಸುಟ್ಟ ವಾಸನೆ ಬಂದಾಗಲೂ ಒಂದು ಕ್ಷಣ ತಡೆದೆ. ಆ ಒಂದು ಕ್ಷಣಕ್ಕೆ ನಾನು ಇವತ್ತಿಗೂ ಉತ್ತರ ಹುಡುಕುತ್ತಿದ್ದೇನೆ.

ಉಸ್ತಾದರ ಮೂಗಿಗೂ ಅದು ತಾಗಿರಬೇಕು, ಕಣ್ಣು ತೆರೆದರು. "ರೋಕೋ, ರೋಕೋ!"

ಇಳಿಯುವಷ್ಟರಲ್ಲಿ ಬಿಸಿ ಸೈಲೆನ್ಸರಿಗೆ ಅಂಟಿದ ಹೊಟ್ಟು ಹೊತ್ತಿಕೊಂಡಿತ್ತು. ಹಿಂಭಾಗದ ಕೆಳಗಿನಿಂದ ಹೊಗೆ, ಒಂದೆರಡು ನಾಲಿಗೆ ಬೆಂಕಿ. ಪಕ್ಕದ ಹೊಲದಲ್ಲಿದ್ದ ಹೆಂಗಸರು ಓಡಿಬಂದರು. ಕುಡಿಯಲು ತಂದಿದ್ದ ಕೊಡದ ನೀರು ಸುರಿದರು, ಬುಟ್ಟಿಯಲ್ಲಿ ಮಣ್ಣು ತಂದು ಎರಚಿದರು. ಇಬ್ಬರು ಅಂಗಾತ ಮಲಗಿ ಕಾರಿನ ಕೆಳಗೆ ತೂರಿಕೊಂಡು ಕುಡುಗೋಲಿನಿಂದ ಬಳ್ಳಿ ಕೊಯ್ದು ಎಳೆದರು. ಹತ್ತು ನಿಮಿಷದಲ್ಲಿ ಎಲ್ಲ ಆರಿತು. ಹಿಂಭಾಗದ ಕೆಳಗಿನ ಬಣ್ಣ ಬೊಬ್ಬೆ ಎದ್ದು ಕಪ್ಪಾಗಿತ್ತು. ಆಕಾರಕ್ಕೆ ಮಾತ್ರ ಏನೂ ಆಗಿರಲಿಲ್ಲ. ಹೆಂಗಸರು ಸೆರಗಿನಿಂದ ಅದರ ಮಸಿ ಒರೆಸುತ್ತ, ಸವರುತ್ತ, ತಮ್ಮಷ್ಟಕ್ಕೆ ಮಾತಾಡಿಕೊಂಡದ್ದು ಪಕ್ಕದಲ್ಲಿದ್ದ ನನಗೆ ಕೇಳಿಸುತ್ತಿತ್ತು.

ಸಾಹುಕಾರರ ಸಿಟ್ಟು ಒಡೆಯಿತು. "ಉಸ್ತಾದ್! ಎರಡು ಮೈಲಿ ಕರಕರ ಅನ್ನಾಕತ್ತಿತ್ತು. ನಾ ಕೇಳೀನಿ, ವಕೀಲ್ರು ಕೇಳ್ಯಾರ. ನೀ ಏನ್ ನಿದ್ದಿ ಮಾಡಾಕತ್ತಿದ್ದೇನು?"

ಉಸ್ತಾದರು ಅವರ ತುಟಿ ನೋಡಿದರು. ನನ್ನನ್ನು ನೋಡಲಿಲ್ಲ. "ನನಗ ಕೇಳಂಗಿಲ್ಲ ಸಾವ್ಕಾರ್ರ. ವರ್ಷದ ಮ್ಯಾಲಾತು."

ಸಾಹುಕಾರರು ಹೋಗಿ ಕಾರಿನ ಹಿಂಭಾಗದ ಮುಂದೆ ನಿಂತರು. ಬಗ್ಗಿ ನೋಡಿದರು. ತಿರುಗಿದಾಗ ಅವರ ದನಿಯೇ ಬೇರೆಯಾಗಿತ್ತು. "ಕಿವಿ ಇಲ್ದನ ಇದನ್ನ ಮಾಡಿದೇನಪಾ?"

ದೇವದುರ್ಗ ಮುಟ್ಟಿದೆವು. ಹಾಸು ಕಂಡಲ್ಲೆಲ್ಲ ಇಳಿದು, ಹುರುಳಿ ಸರಿಸಿ, ಕಾರು ದಾಟಿಸಿ, ಮತ್ತೆ ಹರಡಿ ಹೋದೆವು. ಉಸ್ತಾದರಿಗೆ ಕಿವಿ ಕೇಳದ ಸುದ್ದಿ ಮಾತ್ರ ಬಸ್ಸು ಹತ್ತಿ ನಮಗಿಂತ ಮೊದಲೇ ರಾಯಚೂರು ಸೇರಿತ್ತು. ಉಸ್ತಾದರು ಅಂದುಕೊಂಡಂತೆಯೇ ಆಯಿತು. ಗಾಡಿ ತರುವವರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ನಾನು ಗುಟ್ಟು ಇಟ್ಟುಕೊಂಡಿದ್ದಕ್ಕೆ ನಮ್ಮ ಮನೆಯವರು ಬೈಯಲಿಲ್ಲ. "ಒಂದು ಸಲ ಅವರ ಭುಜ ಮುಟ್ಟಬಾರದಿತ್ತೇನ?" ಎಂದರು, ಅಷ್ಟೇ. ನನಗೆ ಅದು ಹೊಳೆದೇ ಇರಲಿಲ್ಲ. ಆ ಮಳೆಗಾಲ ಗ್ಯಾರೇಜು ಮುಚ್ಚಿತು. ಸಾಹುಕಾರರು ಅವರನ್ನು ಮಾನ್ವಿಗೆ ಕರೆದುಕೊಂಡು ಹೋಗಿ, ಮಿಲ್ಲಿನ ಪಕ್ಕ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಶೆಡ್ ಹಾಕಿಕೊಟ್ಟರು.

ಮೂರ್ನಾಲ್ಕು ವರ್ಷದ ನಂತರ ಹಿರೇಕೊಟ್ನೆಕಲ್ಲಿಗೆ ಒಂದು ಮದುವೆಗೆ ಹೋದವಳು, ಮಾನ್ವಿಯಲ್ಲಿ ಬಸ್ಸು ಇಳಿದು ಶೆಡ್ಡಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಉಸ್ತಾದರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸ್ಟೂಲು ಒರೆಸಿ ಕೂರಿಸಿದರು, ಎದುರಿಗೆ ಕುಕ್ಕರಗಾಲಲ್ಲಿ ಕೂತರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, ಕಿವಿ ಕೇಳದವರ ದೊಡ್ಡ ದನಿಯಲ್ಲಿ:

"ಅಕ್ಕಾರ, ಆವತ್ತು ಗಬ್ಬೂರ ಹತ್ರ ಆ ಹೆಣ್ಮಕ್ಕಳು ಗಾಡಿ ಹಿಂದಗಡಿ ಮುಟ್ಟಿ ಏನೋ ಅನ್ನಾಕತ್ತಿದ್ರು. ತಲಿ ಬಗ್ಗಿಸಿದ್ರು, ತುಟಿ ಕಾಣಲಿಲ್ಲ. ಏನಂದ್ರು?"

ಇಷ್ಟು ವರ್ಷ ಅದನ್ನು ಕೇಳಲೆಂದೇ ಕಾದಿದ್ದರು. ನಾನು ನಿಧಾನವಾಗಿ ಹೇಳಿದೆ. "ಒಬ್ಬಾಕಿ, ಇಷ್ಟು ತಗ್ಗ ಗಾಡಿ ಯಾವ ಮೂಳ ಮಾಡ್ಯಾನ ಅಂದ್ಲು."

ಅವರು ಜೋರಾಗಿ ನಕ್ಕರು. "ಖರೇ ಅದ. ಆಮ್ಯಾಲ?"

"ಮುದುಕಿ ಇದ್ದಳಲ್ಲ, ಆಕಿ ಎರಡೂ ಕೈಲೆ ಸವರಿದ್ಲು. ಎಷ್ಟು ನುಣ್ಣಗದ ನೋಡ್ರೇ, ಈಗ ನೀರೆರೆದು ಮಲಗಿಸಿದ ಕೂಸಿನ ಬೆನ್ನು ಇದ್ದಂಗ ಅದ, ಅಂದ್ಲು."

"ಇನ್ನೊಂದು ಸಲ ಹೇಳ್ರಿ."

ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. "ಕೂಸಿನ ಬೆನ್ನು" ಎಂದು ತಾವೂ ಅಂದುಕೊಂಡರು. ಹೇಳಬೇಕೆಂದು ಬಂದ ಸಾರಿ ನಾನು ಹೇಳಲಿಲ್ಲ. ಹಿರೇಕೊಟ್ನೆಕಲ್ಲಿನ ಬಸ್ಸು ಹಾರ್ನ್ ಹಾಕುತ್ತಿತ್ತು, ನಾನು ಎದ್ದೆ. ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗ ಅವರು ಅರ್ಧ ಕಟ್ಟಿದ ಟ್ರಾಲಿಯ ಪಕ್ಕ, ಮಿಲ್ಲಿನ ಹಮಾಲನೊಬ್ಬನನ್ನು ತಡೆದು ನಿಲ್ಲಿಸಿಕೊಂಡು, ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಉಬ್ಬು ಸವರಿ ತೋರಿಸುತ್ತ ಏನೋ ಹೇಳುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ.